ನಾಳಿ ಸಾಲ್ಯಾಗ ಸವಾಲ್ ಅದ

ನಾನು ಕೂತು ಬರೆಯುವ ಮೇಜಿಗೆ ಮೂರೂವರೆ ಕಾಲು. ನಾಲ್ಕನೆಯದರ ತುದಿಯನ್ನು ಗೆದ್ದಲು ತಿಂದು ಮುಗಿಸಿದೆ. ಅದರ ಅಡಿಗೆ ಅಂಗೈಯಗಲದ ಒಂದು ಬೇವಿನ ಚಕ್ಕೆ ಇಟ್ಟಿದ್ದೇನೆ. ಮನೆಗೆ ಬಂದವರ ಕಣ್ಣಿಗೆ ಅದು ಬೀಳುವುದಿಲ್ಲ, ನಮ್ಮ ಮನೆಯವರ ಕಣ್ಣಿಗೆ ಮಾತ್ರ ತಪ್ಪದೆ ಬೀಳುತ್ತದೆ. ಐತವಾರ ಕಸ ಹೊಡೆಯುವ ಪಾಳಿ ಅವರದು. ಕಸಬರಿಗೆ ಅಲ್ಲಿಗೆ ಬಂದು ನಿಲ್ಲುತ್ತದೆ.

"ಇದನ್ನ ಒಗೀಲೇನು?"

"ಒಗೀಬ್ಯಾಡ್ರಿ. ಅದು ಸವಾಲಿನ ಚಕ್ಕಿ."

"ಊರ ಮಂದಿ ಎಲ್ಲಾ ಕೂಡಿದ ಸವಾಲ್ದಾಗ ನಿನಗ ಇಷ್ಟs ಸಿಕ್ಕದ್ದೇನು?" ಎಂದು ನಕ್ಕು, ಆಮೇಲೆ ಮೇಜಿನ ಕಾಲನ್ನು ಹೇಗೆ ದುರಸ್ತಿ ಮಾಡಬೇಕೆಂದು ಹೇಳಲು ಶುರುಮಾಡುತ್ತಾರೆ. ನಾರಾಯಣಪುರದ ಕಾಲುವೆ ಆಫೀಸಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು ಅವರು. ನೀರಾದರೆ ಬಿಡುವುದೂ ಗೊತ್ತು, ನಿಲ್ಲಿಸುವುದೂ ಗೊತ್ತು. ಮಾತಿನ ವಿಷಯದಲ್ಲಿ ಬಿಡುವುದಷ್ಟೇ ಗೊತ್ತು. ಅವರು ಹೇಳುತ್ತಿರಲಿ. ನಾನು ನಿಮಗೆ ಚಕ್ಕೆಯ ಕತೆ ಹೇಳುತ್ತೇನೆ. ಆದರೆ ಅದು ಚಕ್ಕೆಯಿಂದ ಶುರುವಾಗುವುದಿಲ್ಲ, ಸುರಪುರದ ನಮ್ಮ ತವರಿನ ಕಟ್ಟೆಯಿಂದ ಶುರುವಾಗುತ್ತದೆ.

ಆ ಕಟ್ಟೆಯ ಮೇಲೆ ಸಂಜೆಯ ಹೊತ್ತು ನಮ್ಮ ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಕೂತಿರುತ್ತಿದ್ದ. ನಿಜಾಮನ ಕಾಲದಲ್ಲಿ ಉರ್ದು ಶಾಲೆಗೆ ನಾಲ್ಕು ವರ್ಷ ಹೋದವನು. ಆ ಶಾಲೆ ಅವನಿಗೆ ಏನು ಕಲಿಸಿತೋ ಗೊತ್ತಿಲ್ಲ, ಅಲ್ಲಿಯ ಮಾತುಗಳು ಮಾತ್ರ ಅವನ ಕನ್ನಡದೊಳಗೆ ಬಿಡಾರ ಹೂಡಿ ಕಡೆಯವರೆಗೂ ಏಳಲಿಲ್ಲ. ಅವನ ಬಾಯಲ್ಲಿ ಉತ್ತರಕ್ಕೆ ಜವಾಬ್, ಪ್ರಶ್ನೆಗೆ ಸವಾಲ್. ಅವನ ಅಂಗಿಯ ಜೇಬಿನಲ್ಲಿ ಸದಾ ಹುರಿದ ಶೇಂಗಾ. ನಾನು ಶಾಲೆಯಿಂದ ಬಂದು ಚೀಲ ಒಗೆಯುವುದೇ ತಡ, ಕೇಳುತ್ತಿದ್ದ:

"ಇವತ್ತ ಯಾವ ಸವಾಲ್ ತಂದೀಯವ್ವಾ?"

ಸವಾಲ್ ತಂದರೆ ಒಂದು ಹಿಡಿ ಶೇಂಗಾ. "ಮುತ್ಯಾ, ಇವತ್ತ ಮಗ್ಗಿ ಕಲಿತೆ" ಎಂದು ಹೇಳಿದರೆ ಒಂದು ಕಾಳೂ ಇಲ್ಲ. "ಜವಾಬ್ ಎಲ್ಲಾರ ಹಂತ್ಯಾಕೂ ಅದಾವ. ನಂಗ ಯಾಕ ಬೇಕು?" ಎನ್ನುತ್ತಿದ್ದ. ತಂದ ಸವಾಲಿಗೂ ಅವನು ಜವಾಬು ಕೊಡುತ್ತಿರಲಿಲ್ಲ. "ನೀ ಏನಂತಿ?" ಎಂದು ತಿರುಗಿ ಕೇಳುತ್ತಿದ್ದ. ಅವನಿಗೆ ಉತ್ತರ ಗೊತ್ತಿಲ್ಲದ್ದಕ್ಕೇ ಹಾಗೆ ಕೇಳುತ್ತಾನೆಂದು ನಮ್ಮವ್ವನ ಗುಮಾನಿ.

ಒಮ್ಮೆ ಚಳಿಗಾಲದಲ್ಲಿ ಬಾವಿಯ ನೀರು ಬೆಚ್ಚಗೆ ಯಾಕಿರುತ್ತದೆ ಎಂಬ ಸವಾಲು ಒಯ್ದೆ.

"ನೀ ಏನಂತಿ?"

"ತಳದಾಗ ಯಾರೋ ಒಲಿ ಹಚ್ಯಾರ ಅಂತೀನಿ."

"ಒಲಿ ಅಂದಮ್ಯಾಲ ಹೊಗಿ ಬರಬೇಕಲ್ಲ? ಹೋಗಿ ನೋಡು."

ನಾನು ಮೂರು ದಿನ ಮುಂಜಾನೆ ಎದ್ದು, ಕಂಬಳಿ ಹೊದ್ದುಕೊಂಡು ಬಾವಿಯ ದಂಡೆಯಲ್ಲಿ ಕಾವಲು ಕೂತೆ. ಮೂರೂ ದಿನ ಬಾವಿಯಿಂದ ಸಣ್ಣಗೆ ಹೊಗೆ ಏಳುವುದನ್ನು ಕಣ್ಣಾರೆ ಕಂಡು ಓಡಿಬಂದು ಹೇಳಿದೆ. ಮುತ್ಯಾ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ ಎರಡು ಹಿಡಿ ಶೇಂಗಾ ಕೊಟ್ಟ. ಟೀಚರ್ ಕೋರ್ಸು ಮಾಡಲು ಹೋಗುವವರೆಗೂ ಬಾವಿಯ ತಳದಲ್ಲಿ ಒಲೆಯಿದೆ ಎಂಬ ನನ್ನ ನಂಬಿಕೆ ಪೂರ್ತಿ ಅಳಿದಿರಲಿಲ್ಲ. ನಾನು ಟೀಚರಾದೆ ಎಂದಮೇಲೆ ನೀವು ಸರ್ಕಾರವನ್ನು ಬೈಯಬಹುದು, ನನ್ನ ಅಭ್ಯಂತರವಿಲ್ಲ.

ಈಗ ನಾನು ಇರುವ ಶಾಲೆ ಶಹಾಪುರದಿಂದ ವನದುರ್ಗದ ದಾರಿ ಹಿಡಿದರೆ ನಡುವೆ ಬರುತ್ತದೆ. ಊರಿನ ಹೆಸರು ಹೇಳುವುದಿಲ್ಲ. ನಮ್ಮ ಹೆಡ್ಮಾಸ್ತರ ನೌಕರಿ ಇನ್ನೂ ಎರಡು ವರ್ಷ ಉಳಿದಿದೆ, ಅವರು ಅದನ್ನು ಸುಖವಾಗಿ ಮುಗಿಸಲಿ. ನನ್ನದು ಐದನೇತ್ತೆ, ಅಂದರೆ ಐದನೇ ತರಗತಿ. ಒಳ್ಳೆಯ ಮಕ್ಕಳು, ತಂಟೆ ಇಲ್ಲ. ಪಾಠ ಮುಗಿಸಿ ನಾನು "ತಿಳೀತಿಲ್ಲ?", ಅಂದರೆ ತಿಳಿಯಿತು ತಾನೆ, ಎಂದು ಕೇಳಿದರೆ ಮೂವತ್ತೊಂದು ಬಾಯಿಗಳು ಒಟ್ಟಿಗೆ "ತಿಳೀತ್ರೀ" ಎನ್ನುತ್ತವೆ. ಆ ಕಡೆಯ 'ರೀ'ಯನ್ನು ಎಳೆಯುವ ಧಾಟಿಯನ್ನು ಯಾರೂ ಅವರಿಗೆ ಕಲಿಸಿದ್ದಲ್ಲ. ಅಕ್ಕನಿಂದ ತಮ್ಮನಿಗೆ, ಅಣ್ಣನಿಂದ ತಂಗಿಗೆ ಅಂಗಿಯ ಹಾಗೆ ಇಳಿದು ಬಂದದ್ದು. ಅನುಮಾನ ಬಂದು ಒಂದು ದಿನ ಪರೀಕ್ಷೆ ಮಾಡಿದೆ.

"ಇವತ್ತಿನಿಂದ ಸೂರ್ಯ ಪಡುವಣಕ್ಕ ಹುಟ್ಟತಾನ. ತಿಳೀತಿಲ್ಲ?"

"ತಿಳೀತ್ರೀ."

"ನಾ ಈಗ ಹೇಳಿದ್ದು ಶುದ್ಧ ಸುಳ್ಳು. ತಿಳೀತಿಲ್ಲ?"

"ತಿಳೀತ್ರೀ."

ಮೊದಲ ಸಾಲಿನ ತುದಿಯಲ್ಲಿ ಕೂರುವ ಹಣಮಂತಿ ಎಂಬ ಹುಡುಗಿಯ ದನಿ ಎಲ್ಲರಿಗಿಂತ ಮೇಲೆ. ಆ ಒಂದು ಮಾತು ಬಿಟ್ಟು ಅವಳು ತರಗತಿಯಲ್ಲಿ ಇನ್ನೊಂದು ಆಡಿದ್ದನ್ನು ನಾನು ಕೇಳಿರಲಿಲ್ಲ.

ಹೀಗಿರುವಾಗ ಯಾದಗಿರಿಯಲ್ಲಿ ನಮಗೆ ಐದು ದಿನದ ತರಬೇತಿ ಬಂತು. ತರಬೇತಿ ಕೊಡಲು ಬಂದವರು ಮೈಸೂರು ಕಡೆಯ ಒಬ್ಬ ಹುಡುಗ ಸಾಹೇಬರು. ಕಲಿಕೆಯ ಕೇಂದ್ರದಲ್ಲಿ ಮಗು ಇರಬೇಕು, ಶಿಕ್ಷಕರು ಕಡಿಮೆ ಮಾತಾಡಬೇಕು, ಮಕ್ಕಳು ಹೆಚ್ಚು ಕೇಳಬೇಕು ಎಂಬುದನ್ನು ಅವರು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಒಬ್ಬರೇ ಮಾತಾಡಿ ಹೇಳಿದರು. ರೊಟ್ಟಿ, ಶೇಂಗಾ ಚಟ್ನಿ ಉಂಡು ಬಂದಮೇಲೆ ಅರ್ಧ ಕೋಣೆ ತೂಕಡಿಸುತ್ತಿತ್ತು. ನನಗೂ ಕಣ್ಣು ಎಳೆಯುತ್ತಿತ್ತು. ಆಗ ಅವರು, "ನಿಮ್ಮಲ್ಲಿ ಯಾರ ಮಕ್ಕಳು ದಿನಾ ಪ್ರಶ್ನೆ ಕೇಳ್ತಾರೆ? ಕೈ ಎತ್ತಿ" ಎಂದರು. ಯಾರೂ ಎತ್ತಲಿಲ್ಲ. ನನ್ನ ಕೈ ಎದ್ದಿತ್ತು. ದೇವರಾಣೆಗೂ ಅದು ಆಕಳಿಕೆ ಮುಚ್ಚಲು ಎದ್ದ ಕೈ.

"ತುಂಬಾ ಸಂತೋಷ ಮೇಡಂ. ದಿನಕ್ಕೆ ಎಷ್ಟು ಪ್ರಶ್ನೆ ಬರಬಹುದು?"

ಆಗಲಾದರೂ ನಿಜ ಹೇಳಬಹುದಿತ್ತು. ನಾಲ್ವತ್ತು ಮಂದಿ ಟೀಚರುಗಳು ತಿರುಗಿ ನೋಡುತ್ತಿರುವಾಗ ನಿಜ ಹೇಳುವುದು ಎಷ್ಟು ಕಷ್ಟವೆಂದು ನಿಮಗೂ ಗೊತ್ತು. "ಒಂದ್ ಇಪ್ಪತ್ತು ಬರ್ತಾವ್ರಿ" ಎಂದೆ.

"ಹಾಗಾದ್ರೆ ಮುಂದಿನ ಶುಕ್ರವಾರ ನಾವೆಲ್ಲ ನಿಮ್ಮ ತರಗತಿಗೇ ಬರ್ತೀವಿ. ನೋಡಿ ಕಲಿಯೋದಕ್ಕಿಂತ ದೊಡ್ಡದು ಯಾವುದಿದೆ?"

ನನ್ನ ಇಪ್ಪತ್ತೆಂಟು ವರ್ಷದ ನೌಕರಿಯ ಮಾನ ಆ ಶುಕ್ರವಾರದ ಕೈಗೆ ಹೋಯಿತು. ನನಗೆ ಬೇಕಾದದ್ದು ಇಪ್ಪತ್ತು ಪ್ರಶ್ನೆ. ಕೈಯಲ್ಲಿದ್ದದ್ದು ನಾಲ್ಕು ದಿನ ಮತ್ತು ಮೂವತ್ತೊಂದು ತಿಳೀತ್ರೀ.

ಸೋಮವಾರ ತರಬೇತಿಯಲ್ಲಿ ಹೇಳಿದ ಹಾಗೆ ಮಕ್ಕಳನ್ನು ದುಂಡಗೆ ಕೂರಿಸಿ, ನಾನೂ ಕುರ್ಚಿ ಬಿಟ್ಟು ಅವರ ನಡುವೆ ನೆಲದ ಮೇಲೆ ಕೂತೆ. ಕೂತ ಅರೆ ಗಳಿಗೆಯಲ್ಲಿ ಒಬ್ಬ ಹೊರಗೆ ಓಡಿದ. "ಟೀಚರಿಗಿ ಚಕ್ಕರ್ ಬಂದು ಬಿದ್ದಾರ್ರೀ" ಎಂದು ಅವನು ಕೂಗಿದ್ದು ಕಾಂಪೌಂಡಿನ ಆಚೆಗೂ ಕೇಳಿಸಿತು. ಹೆಡ್ಮಾಸ್ತರು ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಬಿಸಿಯೂಟದ ಕೋಣೆಯಿಂದ ತಂದ ಹೆಚ್ಚಿದ ಉಳ್ಳಾಗಡ್ಡಿ ಹಿಡಿದು ಬಂದರು. ನಾನು ಬೇಡವೆನ್ನುವುದರೊಳಗೆ ಅದನ್ನು ಮೂಗಿಗೆ ಹಿಡಿದರು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಮಕ್ಕಳಲ್ಲಿ ಇಬ್ಬರು ಅತ್ತರು.

"ಆರಾಮ ಇದ್ದೀನ್ರಿ ಸರ್. ಇದು ಹೊಸಾ ಪದ್ಧತಿ" ಎಂದೆ.

"ಪದ್ಧತಿ ಆಗ್ಲಿ ಟೀಚರ್, ಬಿಪಿ ಒಮ್ಮೆ ತೋರ್ಸಿಬಿಡ್ರಿ" ಎಂದು ಅವರು ಹೋದರು.

ಮಂಗಳವಾರ, "ಪ್ರಶ್ನೆ ಕೇಳ್ರಿ" ಎಂದೆ. ಎಲ್ಲರೂ ಪುಸ್ತಕ ತೆರೆದು ಪಾಠದ ಹಿಂದಿನ ಪ್ರಶ್ನೆಗಳನ್ನು ನಂಬರಿನ ಸಮೇತ ಓದಿ ಒಪ್ಪಿಸಿದರು. ಬುಧವಾರವೂ ಅದೇ. ಈ ಮಕ್ಕಳಿಗೆ ಪ್ರಶ್ನೆ ಎಂದರೆ ಅಚ್ಚಾಗಿ ಬರುವ ವಸ್ತು. ಗುರುವಾರ ಸಂಜೆ ಗಂಟೆ ಬಾರಿಸುವ ಹೊತ್ತಿಗೆ ನನಗೆ ಸುರಪುರದ ಕಟ್ಟೆ ನೆನಪಾಯಿತು. ಮಾತು ಕಲಿತದ್ದು ಯಾರಿಂದಲೋ ಅವರೇ ಕಷ್ಟಕಾಲದಲ್ಲಿ ಬಾಯಲ್ಲಿ ಬಂದು ಕೂರುತ್ತಾರೆ. ನಾನು ಎದ್ದು ನಿಂತು ಹೇಳಿದೆ:

"ನಾಳಿ ಸಾಲ್ಯಾಗ ಸವಾಲ್ ಅದ. ಹತ್ತು ಗಂಟೆಕ್ಕ. ಎಲ್ಲಾರೂ ತಯಾರಾಗಿ ಬರ್ರಿ. ಮನ್ಯಾಗ ದೊಡ್ಡವರನ್ನೂ ಕೇಳ್ರಿ. ತಿಳೀತಿಲ್ಲ?"

"ತಿಳೀತ್ರೀ."

ಈ ಸಲ ಅವರಿಗೆ ನಿಜವಾಗಿಯೂ ತಿಳಿದಿತ್ತು. ತಿಳಿಯದೆ ಇದ್ದದ್ದು ನನಗೆ.

ಶಾಲೆಯ ಅಂಗಳದಲ್ಲಿ ಎರಡು ತಿಂಗಳಿಂದ ಒಂದು ದೊಡ್ಡ ಬೇವಿನ ಮರ ಬಿದ್ದುಕೊಂಡಿತ್ತು. ಗಾಳಿಮಳೆಗೆ ಬುಡಸಮೇತ ಕಿತ್ತು ಬಂದದ್ದು. ಅದನ್ನು ಎತ್ತಿಸಲು ಮೇಲಿನಿಂದ ಅಪ್ಪಣೆ ಬರಬೇಕು, ಬಂದಿರಲಿಲ್ಲ. ಅಷ್ಟರಲ್ಲಿ ಊರಿನವರು ಕಣ್ಣಲ್ಲೇ ಅದರಿಂದ ಬಾಗಿಲು, ಚೌಕಟ್ಟು, ನೇಗಿಲು ಎಲ್ಲ ಮಾಡಿ ಮುಗಿಸಿದ್ದರು. ಇನ್ನು ನಮ್ಮ ಕಡೆಯ ಊರುಗಳಲ್ಲಿ ಸವಾಲ್ ಎಂದರೆ ಯಾರಿಗೂ ಪ್ರಶ್ನೆ ನೆನಪಾಗುವುದಿಲ್ಲ. ಗುಡಿಯ ತೆಂಗಿನಕಾಯಿಯೋ ಊರ ಹುಣಸೆ ಮರದ ಫಸಲೋ ಹರಾಜಿಗೆ ಇಟ್ಟಾಗ ಕೂಗಿ ಕೂಗಿ ದರ ಏರಿಸುತ್ತಾರಲ್ಲ, ಅದು ಸವಾಲ್. ನನಗೂ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಆ ಸಂಜೆ ನನ್ನ ಬಾಯಲ್ಲಿ ಮಾತಾಡಿದ್ದು ನಾನಲ್ಲ, ಮುತ್ಯಾ.

ಶುಕ್ರವಾರ ಒಂಬತ್ತೂವರೆಗೆ ನಾನು ಶಾಲೆ ಮುಟ್ಟಿದಾಗ ಅಂಗಳದ ತುಂಬ ಗಂಡಸರು. ಒಬ್ಬರ ಕೈಯಲ್ಲಿ ಹಗ್ಗ, ಇನ್ನೊಬ್ಬರ ಕೈಯಲ್ಲಿ ಅಳತೆಯ ಪಟ್ಟಿ. ಗೇಟಿನ ಹೊರಗೆ ಒಂದು ಟ್ರ್ಯಾಕ್ಟರು. ಬಡಗಿ ಮಹಿಬೂಬ ಚಾಚಾ ಗರಗಸ ಹೆಗಲಿಗೆ ಹಾಕಿಕೊಂಡು ಮರವನ್ನು ಸುತ್ತುತ್ತಿದ್ದರು. ಮರದ ನಟ್ಟನಡುವೆ, ಕುದುರೆ ಏರಿದ ಹಾಗೆ, ಸಾಬಣ್ಣ ಕೂತಿದ್ದ. ಊರಿನ ಹಿರಿಯ ಅವನು, ಮಕ್ಕಳೆಲ್ಲ ಮುತ್ಯಾ ಎನ್ನುತ್ತಾರೆ. ತನಗೆ ಎಂಬತ್ತು ವರ್ಷ ಎಂದು ಹೇಳಿಕೊಂಡು ಎಲ್ಲೆಲ್ಲೂ ಮುಂದಿನ ಜಾಗ ಹಿಡಿಯುವವನು.

ಹೆಡ್ಮಾಸ್ತರು ಓಡಿಬಂದರು. ಮುಖ ಸುಣ್ಣದ ಹಾಗಿತ್ತು. "ಟೀಚರ್, ಗಿಡ ಸವಾಲಿಗಿ ಇಟ್ಟೀರಂತ? ಸರಕಾರಿ ಗಿಡ ಅದು. ನನ್ನ ಪೆನ್ಶನ್ ಮಣ್ಣಾಗ ಹಾಕಬೇಕಂತ ಮಾಡೀರೇನು?"

"ನಾ ಗಿಡದ ಮಾತs ಎತ್ತಿಲ್ರಿ ಸರ್. ಸವಾಲ್ ಅಂದ್ರ ಪ್ರಶ್ನಿ."

ಸಾಬಣ್ಣ ಕೂತಲ್ಲಿಂದಲೇ ಹೇಳಿದ: "ಪ್ರಶ್ನಿ ಆಗಿದ್ರ ಪ್ರಶ್ನಿ ಅನಬೇಕಿತ್ತವ್ವಾ ಟೀಚರ. ಹಗ್ಗ ತಂದೀವಿ, ಮುಂಜಾನಿ ಹೊಲಕ್ಕ ಹೋಗೂದು ಬಿಟ್ಟೀವಿ. ಎಷ್ಟರಿಂದ ಸುರು ಮಾಡ್ತಿ, ಅದನ್ನ ಹೇಳು."

ಅಷ್ಟರಲ್ಲಿ ಗೇಟಿನಲ್ಲಿ ಜೀಪು ಬಂದು ನಿಂತಿತು. ಹಿಂದೆ ಟೀಚರುಗಳ ಟೆಂಪೊ. ಹುಡುಗ ಸಾಹೇಬರು ಇಳಿದು ಅಂಗಳ ನೋಡಿದರು, ಜನ ನೋಡಿದರು, ಹಗ್ಗ, ಗರಗಸ, ಟ್ರ್ಯಾಕ್ಟರು ನೋಡಿದರು. ಅವರ ಮುಖ ಅರಳಿತು.

"ಅದ್ಭುತ ಮೇಡಂ. ಸಮುದಾಯವನ್ನೇ ತರಗತಿಗೆ ತಂದಿದ್ದೀರಿ. ಏನು ಕಾರ್ಯಕ್ರಮ?"

"ಸವಾಲ್ರಿ" ಎಂದಳು ಪಕ್ಕದಲ್ಲಿದ್ದ ಹಣಮಂತಿ.

"ಸವಾಲು. ಎಂಥಾ ಮಾತು. ಮಕ್ಕಳಿಗೆ ನಿಜಜೀವನದ ಸವಾಲು ಕೊಡಬೇಕು, ಅವರು ಅದನ್ನ ಎದುರಿಸಬೇಕು" ಎಂದು ಅವರು ಡೈರಿ ತೆಗೆದು ಬರೆದುಕೊಂಡರು. ನಮ್ಮ ಮುತ್ಯಾನಿಗೆ ಪ್ರಶ್ನೆ, ಊರಿಗೆ ಹರಾಜು, ಮೈಸೂರಿಗೆ ಪಂಥ. ಮೂರೂ ಸವಾಲುಗಳ ನಡುವೆ ನಾನು ಸೆರಗಿನಿಂದ ಬೆವರು ಒರೆಸಿಕೊಂಡೆ.

ಸಾಹೇಬರು ಎಲ್ಲರನ್ನೂ ಮರದ ಸುತ್ತ ಕೂರಿಸಿ ಮಾತು ಶುರುಮಾಡಿದರು. "ಈ ಮೇಡಂ ಅವರ ಮಕ್ಕಳು ದಿನಕ್ಕೆ ಇಪ್ಪತ್ತು ಪ್ರಶ್ನೆ ಕೇಳ್ತಾರೆ. ಅದನ್ನ ನೋಡೋಕೇ ನಾವು ಇಷ್ಟು ದೂರ ಬಂದಿರೋದು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಣಮಂತಿ ಎದ್ದು ನಿಂತಳು. ಅವಳ ಹುಬ್ಬು ಗಂಟಿಕ್ಕಿತ್ತು.

"ಟೀಚರ್ರಿ, ನಾವು ಯಾವಾಗ ಕೇಳೀವ್ರಿ?"

ಮೊದಲು ಹಗ್ಗ ಹಿಡಿದವನು ನಕ್ಕ. ಆಮೇಲೆ ಟೀಚರುಗಳು ನಕ್ಕರು. ನನ್ನ ಕಣ್ಣು ಆ ಹಗ್ಗದ ಮೇಲೆ ಹೋಯಿತು. ಸಾಬಣ್ಣ ಮರದ ಮೇಲೆ ತಟ್ಟಿದ. "ಕೂಸು ಖರೇ ಕೇಳ್ಯಾಳ. ಜವಾಬ್ ಕೊಡು ಟೀಚರ."

"ಕೇಳಿಲ್ಲವ್ವಾ" ಎಂದೆ. "ನಾ ಸುಳ್ಳು ಹೇಳೀನಿ. ಯಾದಗಿರ್ಯಾಗ ಎಲ್ಲಾರ ಮುಂದ ಜಂಬ ಕೊಚ್ಚೀನಿ."

ಇಪ್ಪತ್ತೆಂಟು ವರ್ಷದ ಮಾನ ಇಷ್ಟು ಸಣ್ಣ ಮೂರು ವಾಕ್ಯದಲ್ಲಿ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹೋದಮೇಲೆ ಒಂಥರಾ ಹಗುರಾಯಿತು, ಅದೂ ಗೊತ್ತಿರಲಿಲ್ಲ. ಸಾಹೇಬರು ಪೆನ್ನು ಹಿಡಿದುಕೊಂಡೇ ನಿಂತಿದ್ದರು. ಹಣಮಂತಿ ಮಾತ್ರ ಕೂರಲಿಲ್ಲ. ಕೇಳಿದ್ದಕ್ಕೆ ಬೈಗುಳ ಬರಲಿಲ್ಲ, ಬದಲಿಗೆ ಟೀಚರೇ ತಪ್ಪು ಒಪ್ಪಿಕೊಂಡಳು. ಈ ಆಟ ಅವಳಿಗೆ ಹಿಡಿಸಿತ್ತು.

"ಹಂಗಾದ್ರ ಇನ್ನೊಂದು ಕೇಳ್ಲೇನ್ರಿ? ಈ ಗಿಡ ಯಾರದ್ರಿ?"

"ಸರಕಾರದ್ದು" ಎಂದರು ಹೆಡ್ಮಾಸ್ತರು ಥಟ್ಟನೆ.

"ಸರಕಾರದವ್ರು ಬಂದು ಹಚ್ಯಾರೇನ್ರಿ?"

ಹೆಡ್ಮಾಸ್ತರು ನನ್ನ ಕಡೆ ನೋಡಿದರು. ನಾನು ಸಾಹೇಬರ ಕಡೆ ನೋಡಿದೆ. ಸಾಬಣ್ಣ ಗಂಟಲು ಸರಿಮಾಡಿಕೊಂಡ.

"ನಾ ಹಚ್ಚೀನಿ."

ಯಾರಿಗೂ ಗೊತ್ತಿರದ ಸಂಗತಿ ಅದು. ಅವನ ಮಗನೇ ಹಗ್ಗ ಕೆಳಗಿಟ್ಟು, "ಯಪ್ಪಾ, ಇದ್ಯಾವಾಗ?" ಎಂದ.

"ಇದs ಸಾಲ್ಯಾಗ ನಾಕನೇತ್ತಿ ಇದ್ದೆ. ಮಾಸ್ತರು ಲೆಕ್ಕ ಹೇಳಿ, ತಿಳೀತಿಲ್ಲ ಅಂದ್ರು. ಎಲ್ಲಾರೂ ತಿಳೀತ್ರೀ ಅಂದ್ರು. ನಾ ತಿಳೀಲಿಲ್ರಿ ಅಂದೆ. ಮುಗೀತು. ಕಿವಿ ಹಿಡದು ಹೊರಗ ತಂದು, ಈ ಸಸಿ ಹಚ್ಚಲೇ, ಇದು ನಿನ್ನ ಎತ್ತರ ಆಗೂ ತನಕ ನೀರು ಹಾಕಲೇ ಅಂತ ಸಜಾ ಕೊಟ್ರು. ಹಳ್ಳದಿಂದ ಕೊಡ ಹೊತ್ತೀನವ್ವಾ. ಅದು ನನ್ನ ಎತ್ತರ ಆಗೂದ್ರಾಗ ನಾನೂ ಎತ್ತರ ಆಗೂದು. ಎಲ್ಲಿ ಮುಗೀತದ ಸಜಾ?"

"ಲೆಕ್ಕ ತಿಳೀತೇನ್ ಮುತ್ಯಾ?" ಹಣಮಂತಿ ಬಿಡಲಿಲ್ಲ.

"ಇನ್ನಾ ಇಲ್ಲ" ಎಂದ ಸಾಬಣ್ಣ. "ಅವತ್ತಿನಿಂದ ಈ ಸಾಲ್ಯಾಗ ತಿಳೀಲಿಲ್ಲ ಅಂದ ಮಗ ಒಬ್ಬಾನೂ ಹುಟ್ಟಿಲ್ಲ."

ಆಮೇಲಿನದನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಒಬ್ಬ ಎದ್ದು, ಮುತ್ಯಾ ನಿನಗೆ ಎಂಬತ್ತಾದರೆ ಗಿಡಕ್ಕೆ ಎಷ್ಟು ಎಂದ. ಇನ್ನೊಬ್ಬ, ಗಿಡದ ವಯಸ್ಸು ಗಿಡಕ್ಕೇ ಕೇಳಲು ಬರುತ್ತದೇನು ಎಂದ. ಬರುತ್ತದೆ, ಅಡ್ಡ ಕೊಯ್ದರೆ ಒಳಗೆ ಬಳೆಗಳಿರುತ್ತವೆ, ಸುಮಾರಾಗಿ ವರ್ಷಕ್ಕೊಂದು ಎಂದರು ಮಹಿಬೂಬ ಚಾಚಾ. ಕೊಯ್ಯಲು ಹೆಡ್ಮಾಸ್ತರು ಬಿಡಲೊಲ್ಲರು. "ಕಲಿಕಾ ಸಾಮಗ್ರಿ ಅಂತ ನಾನು ಬರ್ಕೊಡ್ತೀನಿ ಸರ್" ಎಂದರು ಸಾಹೇಬರು. ಅವರಿಗೂ ಬಳೆ ನೋಡುವ ಆಸೆ ಹುಟ್ಟಿತ್ತು. ಚಾಚಾ ಬುಡದ ಕಡೆ ನಾಲ್ಕು ಬೆರಳು ದಪ್ಪದ ಒಂದು ಹೋಳು ಕೊಯ್ದರು. ಮೂವತ್ತೊಂದು ತಲೆಗಳು ಅದರ ಮೇಲೆ ಮುಗಿಬಿದ್ದವು. ಒಬ್ಬಳಿಗೆ ನಾಲ್ವತ್ತೆಂಟು ಬಳೆ, ಒಬ್ಬನಿಗೆ ಅರವತ್ತು. ಜಗಳವಾಯಿತು. ಸೂಜಿಯಲ್ಲಿ ಚುಚ್ಚಿ ಎಣಿಸಿದರು, ಸೀಮೆಸುಣ್ಣ ಉಜ್ಜಿ ಎಣಿಸಿದರು. ಕಡೆಗೆ ಐವತ್ತೈದಕ್ಕೆ ರಾಜಿಯಾಯಿತು.

ನಾಲ್ಕನೇತ್ತೆಯ ಹುಡುಗನಿಗೆ ಒಂಬತ್ತು ವರ್ಷ. ಒಂಬತ್ತಕ್ಕೆ ಐವತ್ತೈದು ಕೂಡಿಸಿ ಹಣಮಂತಿ ಸಾಬಣ್ಣನ ಮುಂದೆ ಹೋಗಿ ನಿಂತಳು.

"ಮುತ್ಯಾ, ನಿಂಗ ಅರವತ್ನಾಕs."

ಹದಿನಾರು ವರ್ಷ ಒಂದೇ ಏಟಿಗೆ ಹೋಯಿತು. ಸಾಬಣ್ಣ ಮರ ಇಳಿದು, ಹೋಳನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಊರವರ ಮುಂದೆ ಮಾನ ಹೋಯಿತೆಂಬ ಸಿಟ್ಟೋ, ಬದುಕಲು ಹದಿನಾರು ವರ್ಷ ಸಿಕ್ಕವೆಂಬ ಖುಷಿಯೋ ತಿಳಿಯಲಿಲ್ಲ. "ಈ ಸವಾಲಿಗಿ ಬಂದಿದ್ದು ಚಲೋನೇ ಆತು" ಎಂದಷ್ಟೇ ಹೇಳಿ ಮಗನಿಗೆ ಹಗ್ಗ ಸುತ್ತಲು ಸನ್ನೆ ಮಾಡಿದ.

ಈ ಗದ್ದಲದಲ್ಲಿ ಬಂದ ಪ್ರಶ್ನೆಗಳನ್ನು ಸಾಹೇಬರು ಬರೆದುಕೊಂಡಿದ್ದರು. ಎಷ್ಟು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಡುವ ಮೊದಲು ಮಕ್ಕಳಿಗೆ ನಾಲ್ಕು ಮಾತು ಹೇಳುತ್ತೇನೆಂದು ಎದ್ದು ನಿಂತರು. ಇವತ್ತು ನಡೆದದ್ದು ಎಂಥ ಕಲಿಕೆ, ಅದರಲ್ಲಿ ಶಿಕ್ಷಕರ ಪಾತ್ರವೇನು, ಮಗುವಿನ ಸ್ವಾತಂತ್ರ್ಯ ಎಂದರೇನು. ನೆರಳು ಮರದ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಿತು. ಟ್ರ್ಯಾಕ್ಟರು ಹೊರಟುಹೋಯಿತು. ಬಿಸಿಯೂಟ ಆರಿತು. ಕಡೆಗೆ ಅವರು ಕರವಸ್ತ್ರದಿಂದ ಹಣೆ ಒರೆಸಿಕೊಂಡು ಕೇಳಿದರು:

"ಅರ್ಥ ಆಯ್ತಾ ಮಕ್ಕಳೇ?"

ಹಣಮಂತಿಯ ದನಿ ಎಲ್ಲರಿಗಿಂತ ಮೊದಲು, ಸ್ಪಷ್ಟವಾಗಿ ಬಂತು.

"ತಿಳೀಲಿಲ್ರೀ."

ಅದರ ಬೆನ್ನಿಗೇ ಮೂವತ್ತು ಬಾಯಿಗಳು, ಅದೇ ಹಳೆಯ ಧಾಟಿಯಲ್ಲಿ, ಕಡೆಯ 'ರೀ'ಯನ್ನು ಅಷ್ಟೇ ಉದ್ದ ಎಳೆದು, "ತಿಳೀಲಿಲ್ರೀ" ಎಂದವು. ಸಾಬಣ್ಣನ ದನಿಯೂ ಅದರೊಳಗಿತ್ತು.

ಅಂದಿನಿಂದ ನನ್ನ ಬಾಳು ನೀವೇ ಊಹಿಸಿಕೊಳ್ಳಿ. ಮರ ಇನ್ನೂ ಅಂಗಳದಲ್ಲೇ ಇದೆ, ಅಪ್ಪಣೆ ಬಂದಿಲ್ಲ. ಬರಲಿ ಎಂದು ಈಗ ಯಾರೂ ಕಾಯುತ್ತಿಲ್ಲ, ಐದನೇತ್ತೆ ಅದರ ಮೇಲೆಯೇ ಕೂರುತ್ತದೆ. ನಾನು "ತಿಳೀತಿಲ್ಲ?" ಎನ್ನುವುದೇ ತಡ, ತಿಳಿದದ್ದಕ್ಕೂ ತಿಳಿಯದ್ದಕ್ಕೂ ಸೇರಿ ಒಂದೇ ಉತ್ತರ. ಒಂದೊಂದು ಪಾಠವನ್ನು ನಾಲ್ಕು ನಾಲ್ಕು ಸಲ ಹೇಳಿ ಗಂಟಲು ಕಟ್ಟಿದೆ. ಈಚೆಗೆ ನಾನೇ ಹೇಳುವುದು ಬಿಟ್ಟು, "ನೀ ಏನಂತಿ?" ಎಂದು ಕೇಳಲು ಕಲಿತಿದ್ದೇನೆ. ಉತ್ತರ ಗೊತ್ತಿಲ್ಲದ್ದಕ್ಕೇ ನಮ್ಮ ಮುತ್ಯಾ ಹಾಗೆ ಕೇಳುತ್ತಿದ್ದನೆಂಬ ನಮ್ಮವ್ವನ ಗುಮಾನಿ ಅರ್ಧ ಮಾತ್ರ ನಿಜ. ಗಂಟಲಿಗೂ ಅದು ಒಳ್ಳೆಯದು.

ಚಾಚಾ ಹೋಳು ಕೊಯ್ಯುವಾಗ ಅಂಚಿನಿಂದ ಸೀಳಿ ಬಿದ್ದ ಚಕ್ಕೆಯೊಂದನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡು ತಂದೆ. ಅದೇ ಇದು. ಇಷ್ಟನ್ನು ನಿಮಗೆ ಹೇಳುವಷ್ಟರಲ್ಲಿ ನಮ್ಮ ಮನೆಯವರೂ ಕಸಬರಿಗೆ ಗೋಡೆಗೆ ಆನಿಸಿ, ಮೇಜಿನ ಕಾಲಿಗೆ ರಬ್ಬರಿನ ಬುಡ ಹಾಕಿಸುವ ಕ್ರಮ, ಅದಕ್ಕೆ ಬೇಕಾದ ಮೊಳೆ, ಅದು ಶಹಾಪುರದ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಹೇಳಿ ಮುಗಿಸಿದ್ದಾರೆ.

"ಅದಕ್ಕs ಅಂತೀನಿ, ಈ ಚಕ್ಕಿ ಒಗದುಬಿಡೂಣು. ತಿಳೀತಿಲ್ಲ?"

ನಾನು ಪೆನ್ನು ಕೆಳಗಿಟ್ಟು, ಕೈಕಟ್ಟಿ, ನೆಟ್ಟಗೆ ಕೂತು ಹೇಳಿದೆ:

"ತಿಳೀಲಿಲ್ರೀ."

ಅವರು ಮತ್ತೆ ಮೊದಲಿನಿಂದ ಶುರುಮಾಡಿದ್ದಾರೆ.